ಅಂಟಕ್ಕನ ನಿಧಾನದ ಹಲಗೆ

ಮೂರನೆಯ ಹಲಗೆಯೂ ಅಂಟಕ್ಕನನ್ನು ತಲೆಕೆಳಗಾಗಿ ನೀರಿಗೆ ಎಸೆಯಿತು.

ಅಲೆ ದೊಡ್ಡದೇನಲ್ಲ. ದೊಡ್ಡದಾಗಿದ್ದರೆ ಬಿದ್ದವರಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಇದು ಸೊಂಟದೆತ್ತರಕ್ಕೂ ಏಳದ, ದಡಕ್ಕೆ ಹೋಗಲೋ ಬೇಡವೋ ಎಂದು ಅನುಮಾನಿಸುತ್ತಲೇ ಬರುವ ಸೋಮಾರಿ ಅಲೆ. ಅಂಥದರ ಮೇಲೆ ಅವಳು ತನ್ನ ಸರ್ಫಿಂಗ್ ಹಲಗೆಯ ನಡುವೆ ಎದ್ದು ನಿಂತಳು, ಕಾಲಿಗೆ ಕಾಲು ದಾಟಿಸಿ ಮೂತಿಯ ಕಡೆಗೆ ಎರಡು ಹೆಜ್ಜೆ ನಡೆದಳು, ಮೂರನೆಯದಕ್ಕೆ ಕಾಲೆತ್ತಿದಳು. ಹಿಂದೆ ಬಾಲ ಪುಸಕ್ಕನೆ ನೀರು ಬಿಟ್ಟು ಮೇಲೆದ್ದಿತು. ಮುಂದೆ ಮೂತಿ ಮುಳುಗಿತು. ಐವತ್ತು ದಾಟಿದ ಹೆಂಗಸು ಲಾರಿಯಿಂದ ಜಾರಿದ ಮೂಟೆಯ ಹಾಗೆ ಬಿದ್ದಳು.

ಎದ್ದು, ಮೂಗಿನಿಂದ ಉಪ್ಪುನೀರು ಹೊರಹಾಕಿ, ಹಲಗೆಯನ್ನು ಬೈದಳು. ಹಲಗೆಗೆ ಅಪ್ಪ ಅಮ್ಮ ಇರುವುದಿಲ್ಲ ಎಂಬುದನ್ನು ಆ ಗಳಿಗೆಗೆ ಮರೆತಿದ್ದಳು.

ದಡದಲ್ಲಿ ಅವಳ ತಮ್ಮ ಕೈಕಟ್ಟಿ ನಿಂತಿದ್ದ. ಅವನ ಪಕ್ಕ, ಮಗುಚಿ ಹಾಕಿದ ದೋಣಿಯ ಮೇಲೆ ಚಿಕ್ಕಪ್ಪ ಕೂತಿದ್ದ.

"ಹಲಗೆ ಸರಿಯಾಗೇ ಇದೆ ಕಣಕ್ಕ," ಎಂದ ತಮ್ಮ. "ನೀನೇ ಅವಸರ ಮಾಡ್ತೀಯ."

"ಅವಸರ? ಬಸವನಹುಳ ನನ್ನ ಹಿಂದೆ ಹಾಕ್ಕೊಂಡು ಹೋಗ್ತಿತ್ತು ಕಣೋ."

"ಭಾರ ಒಂದೇ ಕಡೆ ಬೀಳ್ತಾ ಇದೆ."

"ಭಾರ ಮನೇಲಿಟ್ಟು ಬರೋಕಾಗುತ್ತಾ? ನಾನೇ ಭಾರ."

ಚಿಕ್ಕಪ್ಪ ಹಲ್ಲಿಲ್ಲದ ಬಾಯಲ್ಲಿ ನಕ್ಕ. "ಅವಳು ಬೀಳೋದು ನೋಡೋಕೆ ದಿನಾ ಬರ್ತೀನಿ. ಮನೇಲಿ ಟೀವಿ ಕೆಟ್ಟಿದೆ."

ಅಂಟಕ್ಕ ಹಲಗೆ ಎತ್ತಿಕೊಂಡಳು. ಹಲಗೆಯ ಒಂದು ತುದಿ ಕಂಕುಳಲ್ಲಿ, ಇನ್ನೊಂದು ಮರಳಿನಲ್ಲಿ. ಸತ್ತ ಪ್ರಾಣಿಯನ್ನು ಎಳೆಯುವಂತೆ ಎಳೆಯುತ್ತ ಶೆಡ್ಡಿನ ಕಡೆ ನಡೆದಳು. ಶೆಡ್ಡಿನಲ್ಲಿ ಕೆಲಸ ಕಾಯುತ್ತಿತ್ತು. ಬಿದ್ದೆನೆಂದು ಅಳುತ್ತ ಕೂರಲು ಯಾರೂ ಅವಳಿಗೆ ರಜೆ ಕೊಟ್ಟಿರಲಿಲ್ಲ.

ಆ ಶೆಡ್ಡು ದೋಣಿ ಕಟ್ಟುವ ಜಾಗ. ಅಪ್ಪನ ಕಾಲದಲ್ಲಿ ಮರದ ದೋಣಿ, ಈಗ ಫೈಬರಿನದು. ತಮ್ಮ ಆಕಾರ ಕೊಡುವವನು, ಅದಕ್ಕೇ ಊರಿಗೆಲ್ಲ ಅವನು ಮೇಸ್ತ್ರಿ. ಅಕ್ಕ ಆ ಆಕಾರದ ಮೇಲೆ ಗಾಜಿನೆಳೆಯ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟು ಸುರಿದು, ಉರುಳೆಯಿಂದ ಗಾಳಿಗುಳ್ಳೆ ತೆಗೆದು ಗಟ್ಟಿ ಮಾಡುವವಳು. ಲಂಗ ಹಾಕುವ ವಯಸ್ಸಿನಿಂದ ಅದೇ ಕೆಲಸ. ಬೆರಳ ಸಂದಿಯಲ್ಲಿ ಸದಾ ಅಂಟು, ಹಾಗಾಗಿ ಅಂಟಕ್ಕ. ಹಿಡಿದ ಮಾತು ಬಿಡದ ಅವಳ ಸ್ವಭಾವಕ್ಕೂ ಆ ಹೆಸರು ಒಪ್ಪುತ್ತಿತ್ತು. ಅದನ್ನು ಅವಳ ಮುಖದೆದುರು ಹೇಳುವ ಧೈರ್ಯ ಮಾತ್ರ ಚಿಕ್ಕಪ್ಪನೊಬ್ಬನಿಗೇ ಇತ್ತು.

ಆಕಾರ ಗಂಡಸರದು, ಅಂಟು ಹೆಂಗಸರದು. ಹೀಗೆಂದು ಯಾರೂ ಕಾನೂನು ಮಾಡಿರಲಿಲ್ಲ. ಆಕಾರ ಕೆರೆಯುವ ಪ್ಲೇನರ್ ಇಡುವ ಗೋಡೆಹಲಗೆಯನ್ನು ಅಪ್ಪ ತನ್ನ ಎತ್ತರಕ್ಕೆ ಹೊಡೆದಿದ್ದ, ಅದು ಅಂಟಕ್ಕನ ಕೈಗೆ ಎಟುಕುತ್ತಿರಲಿಲ್ಲ, ಅಷ್ಟೇ. ಬಹಳಷ್ಟು ಕಾನೂನು ಹುಟ್ಟುವುದೇ ಹೀಗೆ.

ಆ ಶೆಡ್ಡಿನಲ್ಲಿ ದೊಡ್ಡ ಹೊಗಳಿಕೆ ಒಂದೇ, ದೊಡ್ಡ ಬೈಗುಳವೂ ಒಂದೇ. ಒಳ್ಳೆಯ ದೋಣಿ ಎಂದರೆ ನೀರು ಬಿಡುವ ದೋಣಿ. ಅದರ ಹಿಂಭಾಗ ಚಪ್ಪಟೆಯಾಗಿರಬೇಕು, ಅಂಚು ಚಾಕುವಿನ ಹಾಗಿರಬೇಕು, ಓಡುವಾಗ ನೀರು ಅಲ್ಲಿಗೆ ಬಂದು ತಟ್ಟನೆ ಕಳಚಿಕೊಳ್ಳಬೇಕು. ಕಳಚದಿದ್ದರೆ ದೋಣಿ ತೆವಳುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಅಂಥದ್ದು ನೀರು ಹಿಡಿಯುವ ದೋಣಿ. ಬೆಳಗ್ಗೆ ತಡವಾಗಿ ಏಳುವ ಅಳಿಯ, ಕರೆದರೆ ಬೇಗ ಬಾರದ ಎಲೆಕ್ಟ್ರಿಷಿಯನ್, ಆಮೆನಡಿಗೆಯ ಸರ್ಕಾರಿ ಕಚೇರಿ, ಎಲ್ಲಕ್ಕೂ ಅವರ ಮನೆಯಲ್ಲಿ ಒಂದೇ ಮಾತು: ನೀರು ಹಿಡಿದಿದೆ.

ಸಮುದ್ರದ ಆಟ ಅಂಟಕ್ಕನ ತಲೆಗೆ ಹತ್ತಿದ್ದು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್‌ನಿಂದ. ಎಲ್ಲಿಂದಲೋ ಬಂದು ಆ ದಡದಲ್ಲಿ ಸ್ವಲ್ಪ ಕಾಲ ಇದ್ದ ಮುದುಕ. ಉಳಿದವರು ಗಿಡ್ಡ ಚೂಪು ಹಲಗೆ ಹಿಡಿದು, ಇಲ್ಲದ ದೊಡ್ಡ ಅಲೆಯನ್ನು ಶಪಿಸುತ್ತಿದ್ದರೆ ಇವನು ಬಾಗಿಲಿನಷ್ಟು ಅಗಲದ, ದೋಣಿಯಷ್ಟು ಉದ್ದದ ಹಲಗೆಯನ್ನು ಆ ಸಣ್ಣ ಅಲೆಗೇ ಹಾಕುತ್ತಿದ್ದ. ಒಂದು ಬೆಳಗ್ಗೆ ಅಂಟಕ್ಕ ಬಕೆಟ್ ತೊಳೆಯಲು ಹಿತ್ತಿಲ ಬಾಗಿಲಿಗೆ ಬಂದಾಗ ಅವನು ಅಲೆಯ ಮೇಲೆ ಹಲಗೆಯ ಉದ್ದಕ್ಕೂ ನಡೆದು ತುದಿಗೆ ಹೋದ. ಕಾಲ್ಬೆರಳನ್ನು ತುದಿಯಿಂದಾಚೆ ಇಳಿಬಿಟ್ಟ. ಕೈ ಹಿಂದೆ ಕಟ್ಟಿಕೊಂಡ. ಬಸ್ಸಿಗೆ ಕಾಯುವವನ ಹಾಗೆ ಸುಮ್ಮನೆ ನಿಂತ. ಅವನ ಮುಂದೆ ಹಲಗೆ ಇರಲಿಲ್ಲ, ಏನೂ ಇರಲಿಲ್ಲ, ಬರೀ ನೀರು. ಹಿಂದಿನದನ್ನೆಲ್ಲ ಯಾರೋ ಹಿಡಿದುಕೊಂಡಿದ್ದಾರೆ ಎನ್ನುವ ನಂಬಿಕೆ ಅವನ ಬೆನ್ನಲ್ಲಿ ಕಾಣುತ್ತಿತ್ತು.

ಜನ್ಮವಿಡೀ ಬಗ್ಗಿ ದುಡಿದವಳು ಅಂಟಕ್ಕ. ನೆಟ್ಟಗೆ ನಿಂತು, ಏನೂ ಮಾಡದೆ, ಎಲ್ಲದಕ್ಕಿಂತ ಮುಂದೆ ಇರುವುದು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಲೇಬೇಕು ಎನಿಸಿತು.

ಅದೇ ದಿನ ಆ ಹಲಗೆ ಬಂಡೆಗೆ ಬಡಿದು ಬಿರುಕು ಬಿಟ್ಟಿತು. ಪೋಸ್ಟ್‌ಮ್ಯಾನ್ ಅದನ್ನು ಶೆಡ್ಡಿಗೆ ತಂದ. ಅಂಟಕ್ಕ ಬಿರುಕು ಮುಚ್ಚಿದಳು. ತಮ್ಮನೋ ಕೈ ಸುಮ್ಮನಿರದೆ ಬಾಲವನ್ನೂ ನೋಡಿದ, ಅದರ ಅಂಚು ಸೋಪಿನ ತುಂಡಿನಂತೆ ಗುಂಡಗೆ ಸವೆದಿದೆ ಎಂದುಕೊಂಡ. ಪಾಪ ಮುದುಕ ಎಂದು ಉಚಿತವಾಗಿ ಅಂಚಿಗೆ ರೆಸಿನ್ ಕಟ್ಟಿಸಿ ಚೂಪು ಮಾಡಿಕೊಟ್ಟ. ಮರುದಿನ ಮುದುಕ ವಾಪಸು ಬಂದ.

"ಏನು ಮಾಡಿದ್ರಿ ಇದಕ್ಕೆ? ಮುಂದೆ ಹೋದ್ರೆ ಬೀಳಿಸ್ತಾ ಇದೆ."

"ವಯಸ್ಸು ನೋಡ್ಕೊಳ್ಳಿ ಯಜಮಾನ್ರೇ," ಎಂದಿದ್ದ ತಮ್ಮ. ಶೆಡ್ಡೆಲ್ಲ ನಕ್ಕಿತ್ತು. ಅಂಟಕ್ಕನೂ ನಕ್ಕಿದ್ದಳು. ಮುದುಕ ಹಲಗೆ ಹೊತ್ತು ಹೋದವನು ಮತ್ತೆ ಆ ದಡಕ್ಕೆ ಬರಲಿಲ್ಲ.

ಆಮೇಲೆ ಅವಳು ಈಜಿದಳು, ಹಲಗೆಯ ಮೇಲೆ ಮಲಗುವುದು ಕಲಿತಳು, ಏಳುವುದು ಕಲಿತಳು, ಮೊಣಕಾಲು ಊದಿಸಿಕೊಂಡಳು. ತಮ್ಮನ ಹಳೆಯ ಅಂಗಿ, ಕತ್ತರಿಸಿದ ಪ್ಯಾಂಟು ಅವಳ ಸಮವಸ್ತ್ರ. ನಡೆಯುವುದನ್ನು ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡಿದಳು. ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಊಟದ ತಟ್ಟೆ ಹಿಡಿದು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದ.

"ನಮ್ಮ ಬಸ್ಸಲ್ಲೂ ಹೀಗೇ ಕಣೇ. ಹಿಂದೆ ಜಾಗ ಖಾಲಿ ಇರುತ್ತೆ, ಎಲ್ಲರೂ ಮುಂದಿನ ಬಾಗಿಲಿಗೇ ಬಂದು ನೇತಾಡ್ತಾರೆ."

"ರೀ, ನಿಮ್ಮ ಬಸ್ಸು ಹಿಂದೆ ಮೇಲೆದ್ದು ಮುಂದೆ ಮುಗ್ಗರಿಸುತ್ತಾ?"

"ಇಲ್ಲ."

"ಮತ್ತೆ ಸುಮ್ಮನೆ ಊಟ ಮಾಡಿ."

ಹಲಗೆಗಳ ಕತೆ ಬೇರೆ. ಮೊದಲನೆಯದನ್ನು ತಮ್ಮ ಉದ್ದವಾಗಿ, ಚೂಪು ಮೂತಿಯದಾಗಿ ಮಾಡಿದ. ಅದು ಅವಳನ್ನು ಬೀಳಿಸಿತು. ಮೂತಿ ಕಿರಿದಾಯಿತು ಎಂದು ಎರಡನೆಯದಕ್ಕೆ ಮೂತಿ ಅಗಲಿಸಿದ, ಮೊರದ ಹಾಗೆ. ಅದೂ ಬೀಳಿಸಿತು. ಮೂತಿ ಏಳುತ್ತಿಲ್ಲ ಎಂದು ಮೂರನೆಯದರ ಮೂತಿಯ ಕೆಳಗೆ ಬೋಗುಣಿಯ ಹಾಗೆ ಆಳವಾಗಿ ಕೊರೆದ, ನೀರು ಅಲ್ಲಿ ತುಂಬಿಕೊಂಡು ಎತ್ತಿ ಹಿಡಿಯುತ್ತದೆ ಎಂದ. ಒಂದು ಹೆಜ್ಜೆ ಹೆಚ್ಚು ಸಿಕ್ಕಿತು. ಆಮೇಲೆ ಅದೂ ಬೀಳಿಸಿತು. ದೋಣಿ ಕಟ್ಟುವವರ ಕಣ್ಣು ಮೊದಲು ಹೋಗುವುದು ಮೂತಿಗೆ. ಹಿಂಭಾಗ ಎನ್ನುವುದು ಅವರಿಗೆ ಎಂದೋ ಬಗೆಹರಿದ ಲೆಕ್ಕ, ಅದನ್ನು ಮತ್ತೆ ಬಿಚ್ಚುವವರಿಲ್ಲ. ಮೂರೂ ಹಲಗೆಗೆ ಬಾಲ ಒಂದೇ: ಚಪ್ಪಟೆ, ಚೂಪು, ಚೆಂದ. ಅವುಗಳ ಅಂಚು ಮುಟ್ಟಿ ನೋಡಿ ಅಂಟಕ್ಕನೇ ಮೆಚ್ಚಿಕೊಂಡಿದ್ದಳು. ಚೂಪು ಅಂಚಿನಲ್ಲಿ ರೆಸಿನ್ ಕಚ್ಚಿಕೊಳ್ಳುವುದಿಲ್ಲ, ಸೊಗಸಾಗಿ ಹರಿದು ಉದುರಿಬಿಡುತ್ತದೆ, ಕೆಲಸ ಹಗುರ.

ಈಗ ಹಲಗೆ ಕೆತ್ತಲು ಉಳಿದದ್ದು ಒಂದೇ ಉದ್ದ ಫೋಮಿನ ದಿಮ್ಮಿ. ತರಿಸಿಕೊಡುವವನು ಫೋನಿನಲ್ಲಿ ಹೇಳಿಬಿಟ್ಟಿದ್ದ: ಉದ್ದದ್ದನ್ನು ಕೇಳುವವರೇ ಇಲ್ಲ, ಅಚ್ಚನ್ನೇ ಒಡೆದು ಹಾಕಿದ್ದಾರೆ, ಇನ್ನು ಬರುವುದು ಗಿಡ್ಡದ್ದು ಮಾತ್ರ. ಶೆಡ್ಡಿನ ತೊಲೆಗೆ ಕಟ್ಟಿದ್ದ ಆ ಬಿಳಿ ದಿಮ್ಮಿಯನ್ನು ಅಂಟಕ್ಕ ಕೆಲಸದ ನಡುವೆ ಕತ್ತೆತ್ತಿ ನೋಡುತ್ತಿದ್ದಳು. ಅದು ಹಾಳಾದರೆ ಮುಗಿಯಿತು. ಮೂತಿಯ ಮೇಲೆ ನಿಲ್ಲುವ ಮಾತನ್ನು ಪೋಸ್ಟ್‌ಮ್ಯಾನ್‌ನ ಜೊತೆಗೇ ಕಳಿಸಿಕೊಟ್ಟಂತೆ.

"ಇದನ್ನ ಎರಡು ತುಂಡು ಮಾಡಿದ್ರೆ ಎರಡು ಗಿಡ್ಡ ಹಲಗೆ ಆಗುತ್ತೆ," ಎಂದ ತಮ್ಮ.

"ನಿನ್ನ ಎರಡು ತುಂಡು ಮಾಡಿದ್ರೂ ಎರಡು ಗಿಡ್ಡ ಮೇಸ್ತ್ರಿ ಆಗ್ತಾರೆ. ಯಾರಿಗೆ ಬೇಕು?"

ತಮ್ಮ ನಿಟ್ಟುಸಿರಿಟ್ಟ. "ಸರಿ. ಕೊನೇ ಸಲ. ಇದೂ ಬೀಳಿಸಿದ್ರೆ ಮಕ್ಕಳ ಮೆತ್ತನೆ ಹಲಗೆ ಮೇಲೆ ಮಲ್ಕೊಂಡು ತೇಲು. ಮತ್ತೆ ನನ್ನ ಪ್ರಾಣ ತಿನ್ನಬಾರದು. ಒಪ್ಪಿಗೇನಾ?"

"ಒಪ್ಪಿದೆ."

"ಮೂತಿ ಇನ್ನೂ ಸ್ವಲ್ಪ ಮೇಲೆ ಬಾಗಿಸ್ತೀನಿ."

"ಮಾಡು," ಎಂದಳು. ಬೇರೆ ಏನು ಹೇಳಬೇಕೆಂದು ಅವಳಿಗೂ ತೋಚಲಿಲ್ಲ. ತಾನು ಏನು ಬೇಕೆಂದು ಕೇಳುತ್ತಿದ್ದೇನೆ ಎಂಬುದೇ ಗೊತ್ತಿಲ್ಲದೆ ಇನ್ನೊಬ್ಬರ ಜೊತೆ ಜಗಳವಾಡುವುದಕ್ಕಿಂತ ದರಿದ್ರ ಇನ್ನೊಂದಿಲ್ಲ.

ಅದರ ಮಾರನೆಯ ದಿನ ಅವಳು ಮೀನಿನ ಐಸ್ ಪೆಟ್ಟಿಗೆಯ ಮುಚ್ಚಳಕ್ಕೆ ರೆಸಿನ್ ಸುರಿಯುತ್ತಿದ್ದಳು. ಆ ಮುಚ್ಚಳದ ಅಂಚು ಗುಂಡಗಿತ್ತು. ಗುಂಡಂಚು ಅವಳ ಹುಟ್ಟುವೈರಿ. ರೆಸಿನ್ ಅಂಚಿನವರೆಗೆ ಬಂದು, ಉದುರಬೇಕಾದ ಜಾಗದಲ್ಲಿ ಉದುರದೆ, ಅಂಚನ್ನು ತಬ್ಬಿ ತಿರುಗಿ ಕೆಳಮೈಗೆ ನುಸುಳಿ, ಅಲ್ಲಿ ಹಿಡಿದುಕೊಂಡು ತೆವಳಿತು. ಕೊನೆಗೆ ಅವಳ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

"ಥೂ ದರಿದ್ರವೇ, ಬಿಡೋಕೆ ಏನು ರೋಗ ನಿನಗೆ," ಎಂದು ಬೈದಳು.

ಬೈದವಳು ಉರುಳೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಇದೇ ಬೈಗುಳವನ್ನು ಹಿಂದೆ ಒಮ್ಮೆ ಇನ್ನೊಂದು ಅಂಚಿಗೆ ಬೈದಿದ್ದು ನೆನಪಾಯಿತು. ಪೋಸ್ಟ್‌ಮ್ಯಾನ್‌ನ ಹಲಗೆಗೆ. ಅವತ್ತೂ ರೆಸಿನ್ ಹೀಗೇ ಬಾಲದ ಕೆಳಗೆ ಹೋಗಿ ಕಚ್ಚಿಕೊಂಡು ಚಪ್ಪಲಿ ಹಾಳಾಗಿತ್ತು. ಅವತ್ತೇ ತಮ್ಮ ಆ ಅಂಚನ್ನು ಚೂಪು ಮಾಡಿದ್ದ. ಮರುದಿನ ಮುದುಕ ಬಂದು ಬೀಳಿಸುತ್ತಿದೆ ಎಂದಿದ್ದ.

ಮುಚ್ಚಳದ ಅಂಚಿನಿಂದ ರೆಸಿನ್ ಇನ್ನೂ ಇಳಿಯುತ್ತಿತ್ತು. ಗುಂಡಗಿದ್ದರೆ ತಬ್ಬುತ್ತದೆ, ಚೂಪಾಗಿದ್ದರೆ ಬಿಡುತ್ತದೆ. ರೆಸಿನ್ ಮಾಡುವುದನ್ನು ನೀರು ಮಾಡದೇ ಇರುತ್ತದೆಯೇ? ಬಾಲದ ಅಂಚು ಗುಂಡಗಿದ್ದು, ಬಾಲ ಮೇಲಕ್ಕೆ ಬಾಗಿದ್ದರೆ, ಅಲೆಯ ನೀರು ಅದನ್ನು ಹತ್ತಿ ತಬ್ಬಿ ಕೆಳಕ್ಕೆಳೆದು ಹಿಡಿಯುತ್ತದೆ. ಬಾಲ ಕೆಳಗೆ ಸಿಕ್ಕಿಬಿದ್ದರೆ ಮೂತಿ ತಾನಾಗಿ ಮೇಲೆ. ಮುದುಕನನ್ನು ಮುಂದೆ ಎತ್ತಿ ಹಿಡಿದಿದ್ದದ್ದು ಮೂತಿಯಲ್ಲ, ಬಾಲ.

ಅವಳಿಗೆ ಸಂತೋಷವಾಗಲಿಲ್ಲ. ಮೈ ಉರಿಯಿತು. ತನ್ನ ಕೈಯ ಕೆಳಗೇ ದಿನಾ ಹರಿದದ್ದು ಕಾಣದೆ, ಮೂರು ಹಲಗೆಯಿಂದ ಬಿದ್ದು, ಮುದುಕನೊಬ್ಬನ ಹಲಗೆ ಕೊಂದು, ಮೇಲೆ ನಕ್ಕಿದ್ದೂ ಆಯಿತು. ಮುಚ್ಚಳದ ರೆಸಿನ್ ಗಟ್ಟಿಯಾಗತೊಡಗಿದ್ದರಿಂದ ಮೊದಲು ಅದನ್ನು ಮುಗಿಸಿದಳು. ಆಮೇಲೆ ತಮ್ಮನನ್ನು ಕರೆದಳು.

ತಮ್ಮ ಕೇಳಿಸಿಕೊಂಡ. ಮುಚ್ಚಳದ ಅಂಚು ನೋಡಿದ. ತಲೆ ಕೆರೆದುಕೊಂಡ.

"ಅಂದ್ರೆ ನೀರು ಹಿಡಿಯೋ ಬಾಲ ಬೇಕು ನಿಂಗೆ."

"ಹೂಂ."

"ಬೇಕಂತಲೇ."

"ಬೇಕಂತಲೇ ಕಣೋ."

"ಅಕ್ಕ, ಅಪ್ಪ ಇದ್ದಿದ್ರೆ ಇದನ್ನ ಕೇಳಿ ಎದ್ದು ಹೋಗ್ತಿದ್ರು. ನಿಧಾನ ಹೋಗ್ಲಿ ಅಂತ ಯಾರಾದ್ರೂ ಏನಾದ್ರೂ ಕಟ್ತಾರಾ?"

"ಅಲೆ ನಿಧಾನ ಇದೆಯಲ್ಲೋ. ಅದಕ್ಕಿಂತ ಮುಂದೆ ಓಡಿ ಏನು ಕಿತ್ತು ಹಾಕ್ಲಿ? ಓಡಿದ್ರೆ ಅಲೆ ಹಿಂದೆ ಉಳಿಯುತ್ತೆ, ನಾನು ಮುಂದೆ ಬೀಳ್ತೀನಿ. ಬಾಲ ಮೇಲಕ್ಕೆ ಬಾಗಿಸು. ಅಂಚು ಹಿಂದಿನವರೆಗೂ ಗುಂಡಗೆ ಮಾಡು, ಸೋಪಿನ ಹಾಗೆ. ತಳಕ್ಕೆ ಮೀನಿನ ಥರ ಒಂದೇ ರೆಕ್ಕೆ ಸಾಕು, ದೊಡ್ಡದು. ಮೂತಿ ಅಗಲ ಇರ್ಲಿ, ಬೋಗುಣಿ ಸ್ವಲ್ಪ ಇರ್ಲಿ. ತೂಕ ಇಳಿಸ್ಬೇಡ, ಗಾಜಿನ ಬಟ್ಟೆ ನಾನು ದಪ್ಪ ಹಾಕ್ತೀನಿ."

ಚಿಕ್ಕಪ್ಪ ಮೂಲೆಯಿಂದ ಕೇಳಿದ. "ಅಷ್ಟೆಲ್ಲ ಯಾಕೆ, ಹಿಂದೆ ಒಂದು ಲಂಗರು ಕಟ್ಟಿಬಿಡೋದಲ್ವಾ?"

"ಚಿಕ್ಕಪ್ಪ, ನಿಮ್ಮನ್ನೇ ಕಟ್ತೀನಿ, ಸುಮ್ಮನೆ ಕೂತ್ಕೊಳ್ಳಿ."

ತಮ್ಮ ಒಪ್ಪಿದ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ್ದು ಮುಖದಲ್ಲಿ ಕಾಣುತ್ತಿತ್ತು, ಆದರೆ ಒಪ್ಪಿದ. ಅವನು ಮೋಸಗಾರನಲ್ಲ. ಅಕ್ಕನ ಮೇಲೆ ಪ್ರೀತಿಯೂ ಇತ್ತು. ಮೋಸಗಾರ ಅವನ ಕೈ. ಹುಟ್ಟಿದಾಗಿನಿಂದ ಒಂದೇ ಬಾಲ ಕೆತ್ತಿದ ಕೈಗೆ ಯಜಮಾನನ ಮಾತು ಕೇಳಿಸುವುದಿಲ್ಲ.

ಎರಡು ದಿನ ಬಿಟ್ಟು ಅಂಟಕ್ಕ ಬೆಳಗ್ಗೆ ಬಂದಾಗ ಹಲಗೆ ಸ್ಟ್ಯಾಂಡಿನ ಮೇಲೆ ಮಲಗಿತ್ತು. ಚೆಲುವಾದ ಹಲಗೆ. ಮೂತಿ ಅಗಲ, ಬೋಗುಣಿ ಹದ, ಗೆರೆ ಎಲ್ಲೂ ಮುಗ್ಗರಿಸಿಲ್ಲ. ಅವಳು ಬಾಲದ ಕಡೆ ಹೋಗಿ ಅಂಗೈ ಇಟ್ಟಳು. ಒಂಚೂರು ಮೇಲೆ ಬಾಗಿತ್ತು, ತೋರಿಕೆಗೆ. ಅಂಚು ನಡುವಿನವರೆಗೆ ಗುಂಡಗೆ ಬಂದು, ಬಾಲ ಹತ್ತಿರವಾಗುತ್ತಲೇ ಮೆಲ್ಲಗೆ, ಯಾರಿಗೂ ಗೊತ್ತಾಗದ ಹಾಗೆ, ಚೂಪಾಗಿತ್ತು.

"ಇದೇನೋ ಇದು?"

"ಏನು?"

"ಮುಟ್ಟಿ ನೋಡು."

ತಮ್ಮ ಮುಟ್ಟಿ ನೋಡಿದ. ಅವನ ಮುಖ ಕಂಡರೆ ಅವನಿಗೂ ಈಗಲೇ ಗೊತ್ತಾದದ್ದು ಎನ್ನುವುದು ಸ್ಪಷ್ಟವಾಗಿತ್ತು. ಆದರೆ ಮೇಸ್ತ್ರಿಗಳು ಗೊತ್ತಾಗಲಿಲ್ಲ ಎಂದು ಹೇಳುವುದಿಲ್ಲ.

"ಒಂದು ಸ್ವಲ್ಪ ಬಿಟ್ಟಿದ್ದೀನಿ. ಪೂರ್ತಿ ಗುಂಡಗೆ ಮಾಡಿದ್ರೆ ಚೆನ್ನಾಗಿರಲ್ಲ."

"ನಾನು ಚೆಂದ ಕೇಳಿದ್ನಾ? ನಿನ್ನ ಹತ್ರ ಹೆಣ್ಣು ನೋಡು ಅಂತ ಹೇಳಿದ್ನಾ? ಹಿಡಿಯೋ ಬಾಲ ಕೇಳಿದೆ."

"ಇದು ಸಾಕು ಕಣಕ್ಕ. ಹಿಡಿಯುತ್ತೆ."

"ಮೂರು ಸಲ ಹೇಳಿದ್ದೀಯ ಅದನ್ನ. ಸರಿ ಮಾಡು."

"ಇನ್ನು ತೆಗೆದ್ರೆ ಫೋಮು ತೆಳುವಾಗುತ್ತೆ. ಒಂದು ಕೂದಲು ತಪ್ಪಿದ್ರೂ ಎಲ್ಲ ಹೋಯ್ತು. ನಾನು ಮಾಡಲ್ಲ. ಹಾಳು ಮಾಡಿದ ಹೆಸರು ನನಗೆ ಬೇಡ."

ಅವನು ಕೈ ಒರೆಸಿಕೊಂಡು ಚಹಾಕ್ಕೆ ಹೋದ. ಅಂಟಕ್ಕ ಸ್ವಲ್ಪ ಹೊತ್ತು ಹಲಗೆಯನ್ನೂ ಬಾಗಿಲನ್ನೂ ನೋಡಿದಳು. ಆಮೇಲೆ ರೆಸಿನ್ ಡಬ್ಬವೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಅಪ್ಪ ಹೊಡೆದ ಗೋಡೆಹಲಗೆಯ ಮೇಲಿನಿಂದ ಪ್ಲೇನರ್ ಇಳಿಸಿದಳು. ಇಷ್ಟು ಸುಲಭವಿತ್ತು. ಇಷ್ಟು ವರ್ಷ ಡಬ್ಬಗಳು ಅಲ್ಲೇ ಬಿದ್ದಿದ್ದವು. ಅದಕ್ಕೂ ಸಿಟ್ಟು ಬಂತು.

"ಅದು ನಿನ್ನ ಕೈಗೆ ಭಾರ ಆಗುತ್ತಮ್ಮ," ಎಂದ ಚಿಕ್ಕಪ್ಪ.

"ರೆಸಿನ್ ಡ್ರಮ್ ಹೊರುವಾಗ ಯಾರೂ ಹೇಳಲಿಲ್ಲ ಇದನ್ನ."

ಎಡಗಡೆಯಿಂದ ಶುರು ಮಾಡಿದಳು. ಸಿಟ್ಟಿತ್ತು, ಸಿಟ್ಟಿನಲ್ಲಿ ಧೈರ್ಯವಿತ್ತು. ಬಾಲದ ಅಡಿಯನ್ನು ಕೊನೆಯ ಮೊಳದುದ್ದ ಮೇಲಕ್ಕೆ ಬಾಗುವಂತೆ ಕೆರೆದಳು. ಎಡ ಅಂಚನ್ನು ಒರಟಾದ ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಗುಂಡಗೆ ಮಾಡಿದಳು. ರೆಸಿನ್ ಎಲ್ಲಿ ತಬ್ಬುತ್ತದೆ, ಎಲ್ಲಿ ಬಿಡುತ್ತದೆ ಎನ್ನುವುದು ಅವಳ ಬೆರಳಿಗೆ ಗೊತ್ತಿತ್ತು. ತಬ್ಬುವ ಹದ ಬರುವವರೆಗೆ ಉಜ್ಜಿದಳು. ಬಿಳಿ ಹುಡಿ ಕೂದಲಿಗೆ ಮೆತ್ತಿ ಇನ್ನಷ್ಟು ಮುದುಕಿಯಾದಳು.

ಬಲಗಡೆಗೆ ಬರುವ ಹೊತ್ತಿಗೆ ಸಿಟ್ಟು ಇಳಿದಿತ್ತು. ಸಿಟ್ಟು ಇಳಿದ ಜಾಗಕ್ಕೆ ಭಯ ಬಂದು ಕೂತಿತ್ತು. ಇದೇ ಕೊನೆಯ ಫೋಮು. ಒಂದು ಕೂದಲು ತಪ್ಪಿದರೂ ಹೋಯಿತು ಎಂದಿದ್ದ ತಮ್ಮ. ಕೈ ಹಗುರವಾಗಿ ಆಡಿತು, ಬೇಗ ನಿಂತಿತು. ಸಾಕು ಎನಿಸಿತು. ಸಾಕು ಎನ್ನುವುದು ಮನೆಯ ಗಾಳಿಯಲ್ಲೇ ಇರುವ ಕಾಯಿಲೆ, ಅದು ಅಂಟುವುದು ಬರೀ ಅಣ್ಣತಮ್ಮಂದಿರಿಗಲ್ಲ.

ತಮ್ಮ ಬಂದು ನೋಡಿದ. ಪ್ಲೇನರನ್ನು ಎತ್ತಿ ಒರೆಸಿ ಮತ್ತೆ ಅದೇ ಎತ್ತರದಲ್ಲಿಟ್ಟ. ಗಾಜಿನ ಬಟ್ಟೆ ಹಾಸಿ ರೆಸಿನ್ ಸುರಿಯುವಾಗಲೂ ಅವನು ಇತ್ತ ತಲೆ ಹಾಕಲಿಲ್ಲ. ರೆಸಿನ್ ಎಡ ಅಂಚನ್ನು ತಬ್ಬಿ ಬಾಲದ ಕೆಳಗೆ ನುಸುಳಿ ಅವಳ ಚಪ್ಪಲಿ ಹಿಡಿಯಿತು. ಅಂಟಕ್ಕ ಬೈದಳು, ಬಾಯಿಪಾಠವಾಗಿದ್ದ ಬೈಗುಳ, ಆದರೆ ಈ ಸಲ ಅದರಲ್ಲಿ ಖಾರವಿರಲಿಲ್ಲ.

ಸಣ್ಣ ಅಲೆಗಳ ಕಾಲ ಮುಗಿಯುತ್ತ ಬಂದಿತ್ತು. ಗಾಳಿ ತಿರುಗಿದರೆ ಸಮುದ್ರ ಕದಡಿ, ಎಷ್ಟೋ ತಿಂಗಳು ಆ ನಯವಾದ ಅಲೆ ಇರುವುದಿಲ್ಲ. ರೆಕ್ಕೆ ಕೂರಿಸಿ, ಕಾಲು ಜಾರದಂತೆ ಮೇಣ ಉಜ್ಜಿ, ಅವಳು ಹಲಗೆಯನ್ನು ನೀರಿಗೆ ತಂದ ಬೆಳಗ್ಗೆ ದಡದಲ್ಲಿ ಚಿಕ್ಕಪ್ಪ ಎಂದಿನಂತೆ ಕೂತಿದ್ದ. ತಮ್ಮ ದೂರದಲ್ಲಿ, ಬೇರೇನೋ ಕೆಲಸಕ್ಕೆ ಬಂದವನ ಹಾಗೆ, ಹಗ್ಗ ಸುತ್ತುತ್ತಿದ್ದ. ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತುತ್ತಿದ್ದ.

ಮೊದಲ ಅಲೆ ಎಡಕ್ಕೆ ಹರಿಯಿತು. ಅವಳು ಎದ್ದಳು. ಹಲಗೆ ಓಡಲಿಲ್ಲ. ಅಲೆಯ ಒಡಲಲ್ಲಿ ಬಾಲದ ಎಡ ಅಂಚು ಹೂತುಕೊಂಡು, ಆಕಳಿಸುವ ಹಾಗೆ ಸಾಗಿತು. ಹೆಜ್ಜೆ ಇಟ್ಟಳು. ಬಾಲ ಏಳಲಿಲ್ಲ. ಇನ್ನೊಂದು. ಹಿಂದೆ ಯಾರೋ ಅಂಗಿಯ ತುದಿ ಹಿಡಿದಂತೆ ಇತ್ತು. ಮತ್ತೊಂದು. ಮುಂದೆ ಹಲಗೆ ಮುಗಿಯಿತು. ಎಡಗಾಲ ಬೆರಳು ತುದಿಯಿಂದಾಚೆ ಗಾಳಿಗೆ ಬಂತು, ಬಲಗಾಲನ್ನೂ ಪಕ್ಕಕ್ಕೆ ತಂದಿಟ್ಟಳು. ಕೆಳಗೆ ನೀರು ಗಾಜಿನಂತೆ ಹರಿದು ಹಿಂದೆ ಹೋಗುತ್ತಿತ್ತು. ಮುಂದೆ ಏನೂ ಇರಲಿಲ್ಲ. ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಇಳಿಬಿಟ್ಟಳು. ಏನೂ ಮಾಡುವುದಿರಲಿಲ್ಲ. ಅಲೆ ಮುಗಿಯುವವರೆಗೆ ಏನೂ ಮಾಡದೆ ನಿಂತಳು.

ನೀರಿನಲ್ಲಿ ಹಲಗೆಯ ಮೇಲೆ ಕೂತು ಉಸಿರೆಳೆದುಕೊಂಡಳು. ಇಷ್ಟೇನಾ ಎನಿಸಿತು. ಇಷ್ಟೇ, ಮತ್ತು ಇನ್ನೂ ಬೇಕು. ಮುಂದಿನ ಅಲೆ ಬಲಕ್ಕೆ ಹರಿಯಿತು, ಈಗ ಅಲೆಯೊಳಗಿದ್ದದ್ದು ಬಲ ಅಂಚು. ಎದ್ದಳು, ನಡೆದಳು, ತುದಿಗೆ ಒಂದು ಹೆಜ್ಜೆ ಇರುವಾಗ ಹಿಂದೆ ಅದೇ ಪರಿಚಿತ ಸದ್ದು, ಪುಸಕ್. ಮೂಟೆ ಬಿತ್ತು. ಮತ್ತೆ ಬಲಕ್ಕೆ ಹೋದಳು, ಮತ್ತೆ ಬಿದ್ದಳು. ಎಡಕ್ಕೆ ಹೋದಳು, ತುದಿಯಲ್ಲಿ ನಿಂತಳು. ಬಲಕ್ಕೆ, ಬಿದ್ದಳು. ಸುಸ್ತಾಗಿ ದಡಕ್ಕೆ ಬರುವಾಗ ಮುಖ ಗಂಟಾಗಿತ್ತು.

ಚಿಕ್ಕಪ್ಪ ಹೇಳಿದ. "ಅರ್ಧ ಸಮುದ್ರ ಸಿಕ್ತಲ್ಲಮ್ಮ. ಇನ್ನರ್ಧ ಯಾರಿಗಾದ್ರೂ ಬಿಟ್ಟುಕೊಡು."

ತಮ್ಮ ಹಗ್ಗ ಕೆಳಗಿಟ್ಟು ಬಂದ. "ಎಮ್ಮೆ ಹಾಗೆ ಹೋಗುತ್ತೆ," ಎಂದ.

"ಎಮ್ಮೆ ಮೇಲೆ ನಿಂತ್ಕೋಬಹುದು. ನಿನ್ನ ಕುದುರೆಗಳ ಮೇಲೆ ಆಗ್ಲಿಲ್ಲ."

ಅವನು ಹಲಗೆಯನ್ನು ಮಗುಚಿ, ಕಣ್ಣು ಮುಚ್ಚಿ, ಎಡ ಅಂಚಿನ ಮೇಲೆ ಅಂಗೈ ಓಡಿಸಿದ. ಬಾಲದ ಹತ್ತಿರ ನಿಲ್ಲಿಸಿದ, ಹಿಂದಕ್ಕೆ ಹೋದ, ಮತ್ತೆ ಓಡಿಸಿದ. ಆಮೇಲೆ ಬಲಕ್ಕೆ ಬಂದ.

"ಇಲ್ಲಿ ಉಳಿದಿದೆ," ಎಂದ. "ನನ್ನ ಅಂಚು ಇಲ್ಲಿ ಉಳಿದಿದೆ."

"ಗೊತ್ತು."

"ಯಾಕೆ ಬಿಟ್ಟೆ?"

"ನೀನು ಹಾಳಾಗುತ್ತೆ ಅಂದ್ಯಲ್ಲ. ಆ ಮಾತು ಕಿವಿಯಲ್ಲೇ ಕೂತಿತ್ತು. ಮುಟ್ಟಾಳನ ಮಾತು ಕೇಳಿ ಮುಟ್ಟಾಳಿ ಆದೆ."

ಅವನು ಕೈ ಚಾಚಿ, "ಕೊಡು, ನಾನು ತೆಗೀತೀನಿ. ರೆಸಿನ್ ಕಿತ್ತು ಒಂದು ಕಡೆ ಉಜ್ಜಿದ್ರೆ ಸಾಕು," ಎಂದ.

ಅಂಟಕ್ಕ ಅವನ ಕೈ ನೋಡಿದಳು. ಒಳ್ಳೆಯ ಕೈ. ಗುಂಡಗೆ ಮಾಡುತ್ತೇನೆಂದು ಹೊರಟು ಚೂಪು ಮಾಡಿಬಿಡುವ ಕೈ.

"ನೀನು ಬೇಡ," ಎಂದಳು.

ಆಗಲೇ ಬೆನ್ನ ಕಡೆಯಿಂದ ತಣ್ಣಗೆ ಗಾಳಿ ಬೀಸಿತು. ಮೂವರೂ ತಿರುಗಿ ಸಮುದ್ರ ನೋಡಿದರು. ನಯವಾಗಿದ್ದ ನೀರಿನ ಮೈ ಮೇಲೆ ಸಣ್ಣ ಸುಕ್ಕು ಮೂಡತೊಡಗಿತ್ತು. ಇನ್ನು ಒಂದೆರಡು ದಿನ, ಆಮೇಲೆ ಅಲೆಗಳು ಒಂದರ ಮೇಲೊಂದು ಬಿದ್ದು ಜಗಳವಾಡುವ ಕಾಲ. ಅಂಟಕ್ಕ ಮತ್ತೊಮ್ಮೆ ಬೈದಳು, ಈ ಸಲ ಗಾಳಿಯನ್ನು.

ಮಧ್ಯಾಹ್ನ ಶೆಡ್ಡಿನಲ್ಲಿ ಹಲಗೆಯನ್ನು ಬೋರಲು ಮಲಗಿಸಿದಳು. ತಾನೇ ಹಾಕಿದ ರೆಸಿನ್ನನ್ನು ತಾನೇ ಗ್ರೈಂಡರ್ ಹಿಡಿದು ಬಲ ಅಂಚಿನಿಂದ ಕಿತ್ತಳು. ಹುಡಿ ಎದ್ದಿತು. ಹಲಗೆ ನಡುಗುತ್ತಿತ್ತು. ತಮ್ಮ ಬಾಗಿಲಲ್ಲಿ ನಿಂತಿದ್ದ.

"ಬಾರೋ, ಮೂತಿ ಹಿಡ್ಕೋ. ಅಲ್ಲಾಡಬಾರದು. ಬಾಯಿ ಬಿಡಬಾರದು."

ಅವನು ಬಂದು ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಅವಳು ಉಪ್ಪುಕಾಗದ ಮಡಿಸಿ ಅಂಚಿಗೆ ಇಟ್ಟಳು. ಹಿಂದಕ್ಕೆ ಮುಂದಕ್ಕೆ ಉಜ್ಜತೊಡಗಿದಳು.

"ಅಷ್ಟು ಸಾಕು ಕಣಕ್ಕ," ಎಂದ ತಮ್ಮ.

ಅಂಟಕ್ಕ ತಲೆಯೆತ್ತದೆ ಉಜ್ಜಿದಳು.